ಮೊದಲ ಸ್ಥಾನದ ಕೊಡಗು, ಲೈನ್ ಮನೆಯ ಲೆಕ್ಕ

ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿ ಬಂದದ್ದು 1999ರಲ್ಲಿ. 1991ರ ಅಂಕಿ ಹಿಡಿದು ಜಿಲ್ಲೆಗಳನ್ನು ಅಳೆದಾಗ ಮೊದಲು ಬಂದದ್ದು ಕೊಡಗು, ಕೊನೆಗೆ ರಾಯಚೂರು. ನಮಗೆಲ್ಲ ಹೆಮ್ಮೆಯೇ. ಆದರೆ ಸಿದ್ದಾಪುರದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳೂ, ಅಂದರೆ ಕೂಲಿಯವರು ಇರುವ ಸಾಲು ಮನೆಗಳೂ, ಇದೇ ಕೊಡಗಿನಲ್ಲಿದ್ದವು, ಅಲ್ವಾ?

ಜನ ಹೇಗಿದ್ದಾರೆ ಎಂದು ಅಳೆಯುವ ಕಷ್ಟ ಹಳೆಯದು. 1934ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಲೆಕ್ಕ ಕೊಟ್ಟರು. ಇದೊಂದನ್ನೇ ನೋಡಿ ದೇಶದ ಕ್ಷೇಮ ಹೇಳಲಾಗದು ಎಂದು ಅದೇ ವರದಿಯಲ್ಲಿ ಎಚ್ಚರಿಸಿದರು. ಸರ್ಕಾರಗಳು ಲೆಕ್ಕವನ್ನು ತೆಗೆದುಕೊಂಡವು, ಎಚ್ಚರಿಕೆಯನ್ನು ಬಿಟ್ಟವು.

ಆದಾಯದ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ಎಂದು ಕಾಫಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. 1994ರಲ್ಲಿ ಬ್ರೆಜಿಲ್‌ನ ಕಾಫಿ ಗಿಡಗಳು ಹಿಮಕ್ಕೆ ಸುಟ್ಟವು, ಇಲ್ಲಿ ಬೆಲೆ ಏರಿತು. ಬೆಲೆ ಏರಿದರೆ ಜಿಲ್ಲೆಯ ತಲಾ ಆದಾಯವೂ ಏರುತ್ತದೆ. ಹಣ್ಣು ಕೊಯ್ಯುವವಳ ಕೂಲಿ ಏರಿತೇ ಎಂದು ಆ ಅಂಕಿ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಕುಸಿಯಿತು. ಮಣ್ಣು ತೆಗೆದ ಜೆಸಿಬಿಯ ಬಾಡಿಗೆ ಜಿಡಿಪಿಗೆ ಸೇರುತ್ತದೆ. ಮಣ್ಣಿನಡಿ ಹೋದ ಮನೆ ಅದರಿಂದ ಕಳೆಯುವುದೇ ಇಲ್ಲ.

ಬೇರೆ ಅಳತೆಗೋಲು ಹುಡುಕಿದವರೂ ಇದ್ದರು. 1966ರಲ್ಲಿ ಅಮೆರಿಕದ ಸಮಾಜ ವಿಜ್ಞಾನಿ ರೇಮಂಡ್ ಬಾಯರ್ ‘ಸಾಮಾಜಿಕ ಸೂಚಕ’, ಅಂದರೆ ಹಣದಾಚೆಗೂ ಸಮಾಜದ ಸ್ಥಿತಿ ಹೇಳುವ ಅಂಕಿ, ಎಂಬ ಮಾತನ್ನು ಮುಂದಿಟ್ಟರು. ಅದು ಹುಟ್ಟಿದ್ದು ನಾಸಾದ ಕೆಲಸದಿಂದ ಸಮಾಜದ ಮೇಲೆ ಆಗುವ ಪರಿಣಾಮ ತಿಳಿಯುವ ಪ್ರಯತ್ನದಲ್ಲಿ! 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ನೆರವಿನಿಂದ, ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಕೊಡಗು ಮೊದಲು ಬಂದದ್ದು ಈ ಬಗೆಯ ಅಳತೆಯಲ್ಲೇ. 2001ರ ಅಂಕಿಗಳಲ್ಲಿ ಬೆಂಗಳೂರು ನಗರ, ದಕ್ಷಿಣ ಕನ್ನಡ, ಉಡುಪಿಯ ನಂತರ ನಾಲ್ಕನೆಯದಾಯಿತು.

ನನಗೆ ಆ ಸ್ಥಾನಕ್ಕಿಂತ ಸರಾಸರಿಯದೇ ಚಿಂತೆ ಜಾಸ್ತಿ. ತೋಟದ ಬಂಗಲೆ, ಲೈನ್ ಮನೆ ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಯರವ ಆದಿವಾಸಿಗಳ ಮಗು ಕೊಯ್ಲಿನ ತಿಂಗಳಲ್ಲಿ ತರಗತಿಯಲ್ಲಿತ್ತೇ ಎಂದೂ ನೋಡಬೇಕು. 2010ರಿಂದ ವಿಶ್ವಸಂಸ್ಥೆಯ ವರದಿಯಲ್ಲಿ ಅಸಮಾನತೆ ಹೆಚ್ಚಿದ್ದಷ್ಟೂ ಅಂಕ ಕಡಿತ ಮಾಡುವ ಇನ್ನೊಂದು ಸೂಚ್ಯಂಕವೂ ಇದೆ. ಅದನ್ನು ತಾಲ್ಲೂಕಿಗೆ, ಆದಿವಾಸಿಗಳ ಊರಾದ ಹಾಡಿಗೆ ಇಳಿಸಬೇಕು.

2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದರು. ಲೈನ್ ಮನೆ ಬಿಟ್ಟು ಸ್ವಂತ ಸೂರು ಬೇಕೆಂದು ಬಂದವರು ಅವರಲ್ಲಿ ಅನೇಕರು. ಒಂದು ಕಾಲಕ್ಕೆ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆಯಲ್ಲಿ.