ಹಿಂದಿನ ಸೀಟಿಗೆ ಟ್ಯಾಬ್ ಬೇಕಾ ಡಾಕ್ಟ್ರೇ?

ಬೇಸಿಗೆ ರಜೆ ಬಂದರೆ, ದಸರಾ ರಜೆ ಬಂದರೆ ಮೈಸೂರಿನ ನಮ್ಮ ಕ್ಲಿನಿಕ್ಕಿಗೆ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು: "ಡಾಕ್ಟ್ರೇ, ಊಟಿಗೆ ಹೋಗ್ತಿದೀವಿ. ಕಾರಿನ ಹಿಂದಿನ ಸೀಟಿಗೆ ಒಂದು ಟ್ಯಾಬ್ ಹಾಕಿಸೋಣ ಅಂತಿದೀವಿ, ಪರವಾಗಿಲ್ವಾ?" ಇನ್ನೊಂದು: "ಇವನಿಗೆ ಕಾರಲ್ಲಿ ಕೂತ್ರೆ ವಾಂತಿ. ಫೋನ್ ಕೊಟ್ರೆ ಗಮನ ಆ ಕಡೆ ಹೋಗಿ ನಿಲ್ಲುತ್ತೇನೋ?" ಎರಡನೆಯದಕ್ಕೆ ಉತ್ತರ ಸುಲಭ. ನಿಲ್ಲುವುದಿಲ್ಲ, ಜಾಸ್ತಿಯಾಗುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಚಲಿಸುತ್ತಿದ್ದೇವೋ ಸುಮ್ಮನೆ ಕೂತಿದ್ದೇವೋ ಎಂದು ಮೆದುಳಿಗೆ ಮುಖ್ಯವಾಗಿ ಎರಡು ಕಡೆಯಿಂದ ಸುದ್ದಿ ಹೋಗುತ್ತದೆ. ಒಂದು ಕಣ್ಣು, ಇನ್ನೊಂದು ಒಳಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ಯಾವ ಕಡೆ ತಿರುಗಿತು ಎನ್ನುವುದು ಇವುಗಳಿಂದ ಗೊತ್ತಾಗುತ್ತದೆ. ಕಾರು ತಿರುವಿನಲ್ಲಿ ವಾಲಿದಾಗ ಒಳಕಿವಿ "ತಿರುಗ್ತಿದೀವಿ" ಎನ್ನುತ್ತದೆ. ಟ್ಯಾಬ್ ಮೇಲೆ ನೆಟ್ಟ ಕಣ್ಣು "ಎಲ್ಲೂ ಇಲ್ಲ, ಕೂತಲ್ಲೇ ಇದೀವಿ" ಎನ್ನುತ್ತದೆ. ಎರಡೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸಲು ಶುರು. ಗಾಡಿ ಓಡಿಸುವವರಿಗೆ ಈ ಕಾಟ ತೀರಾ ಕಡಿಮೆ, ಗಮನಿಸಿದ್ದೀರಾ? ಅವರ ಕಣ್ಣು ರಸ್ತೆಯ ಮೇಲಿರುತ್ತದೆ, ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ.

2 ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. 2ರಿಂದ 12 ವರ್ಷದವರೆಗೆ ಇದರ ಕಾಟ ಹೆಚ್ಚು. ಹದಿಹರೆಯಕ್ಕೆ ಬರುವಷ್ಟರಲ್ಲಿ ಬಹಳ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ. ಅಂದರೆ ನಾವು ಯಾವ ವಯಸ್ಸಿನವರ ಕೈಗೆ ಸ್ಕ್ರೀನ್ ಕೊಡುತ್ತೇವೋ ಅದೇ ವಯಸ್ಸಿನವರಿಗೆ ಇದು ಹೆಚ್ಚು ಕಾಡುತ್ತದೆ. ಮಗು ಆಕಳಿಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಬಾಯಲ್ಲಿ ನೀರೂರುತ್ತದೆ, ಮಾತು ನಿಲ್ಲುತ್ತದೆ. ಮುಂದೆ ಕೂತವರು "ಪಾಪ, ಟ್ಯಾಬ್ ಕೊಟ್ಟ ಮೇಲೆ ಎಷ್ಟು ಸುಮ್ನೆ ಕೂತಿದೆ" ಅಂದುಕೊಳ್ಳುತ್ತಾರೆ. ಐದು ನಿಮಿಷಕ್ಕೆ ಸೀಟೆಲ್ಲ ವಾಂತಿ. ಪುಸ್ತಕವೂ ಅಷ್ಟೇ. ಟ್ಯಾಬ್ ಕೊಡಲ್ಲ, ಕಥೆ ಪುಸ್ತಕ ಕೊಡ್ತೀವಿ ಎನ್ನುವವರಿಗೆ ಸ್ವಲ್ಪ ಬೇಜಾರಾಗಬಹುದು. ಆದರೆ ಒಳಕಿವಿಗೆ ಕಾರ್ಟೂನೂ ಒಂದೇ, ಕಥೆ ಪುಸ್ತಕವೂ ಒಂದೇ.

ಊಟಿ ದಾರಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು ಎಂದು ಮೈಸೂರಿನವರು ನಸುಕಿನಲ್ಲೇ ಹೊರಡುತ್ತಾರೆ. ಮಗು ಅರೆನಿದ್ದೆಯಲ್ಲಿ, ಖಾಲಿ ಹೊಟ್ಟೆಯಲ್ಲಿ. ಗುಂಡ್ಲುಪೇಟೆಯಲ್ಲಿ ನಿಲ್ಲಿಸಿ ಎಣ್ಣೆ ತೊಟ್ಟಿಕ್ಕುವ ಪೂರಿ. ಆಮೇಲೆ ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವು, ಕೈಯಲ್ಲಿ ಫೋನು. ವಾಂತಿ ಬರದಿದ್ದರೆ ಆಶ್ಚರ್ಯ. ಹೊರಡುವ ಮುಂಚೆ ಎರಡು ಇಡ್ಲಿ ಸಾಕು. ಕಾರಿನೊಳಗಿನ ಘಾಟು ಪರ್ಫ್ಯೂಮ್ ತೆಗೆದುಬಿಡಿ. ಕಿಟಕಿ ಸ್ವಲ್ಪ ಇಳಿಸಿ, ಆದರೆ ಕಾಡಿನೊಳಗೆ ಬೇಡ. ನಿಂಬೆಹಣ್ಣು ಮೂಸಿಸುವುದು ಅಜ್ಜಿಯರ ಕ್ರಮ. ಅದರಿಂದ ತೊಂದರೆ ಏನಿಲ್ಲ, ಮೂಸಿಸಿ.

ಔಷಧಿಯ ಬಗ್ಗೆ ಎರಡು ಮಾತು. ಹೊಟ್ಟೆ ಕೆಟ್ಟಾಗ ಬರೆದುಕೊಟ್ಟ ಓಂಡಾನ್ಸೆಟ್ರಾನ್ ಸಿರಪ್ಪಿನ ಬಾಟಲಿ ಸುಮಾರು ಮನೆಗಳಲ್ಲಿ ಇರುತ್ತದೆ. ಅದನ್ನೇ ಕಾರು ಹತ್ತುವಾಗ ಕುಡಿಸುತ್ತಾರೆ. ಪ್ರಯಾಣದ ವಾಂತಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ಪ್ರೊಮೆಥಜೀನ್ ಇರುವ ಮಾತ್ರೆ ಕೆಲಸ ಮಾಡುತ್ತದೆ, ಆದರೆ 2 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಉಸಿರಾಟಕ್ಕೇ ತೊಂದರೆಯಾಗಬಹುದು. ದೊಡ್ಡ ಮಕ್ಕಳಿಗೂ ಮೆಡಿಕಲ್ ಶಾಪಿನವರನ್ನು ಕೇಳಿ ಕೊಡಬೇಡಿ. ಮಗುವಿನ ತೂಕ ನೋಡಿ ವೈದ್ಯರು ಹೇಳಬೇಕು.

ಇನ್ನು ಮೊದಲ ಪ್ರಶ್ನೆ. ವಾಂತಿ ಇಲ್ಲದ ಮಗುವಿಗೆ ಟ್ಯಾಬ್ ಹಾಕಿಸಬಹುದಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: 2 ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಐಎಪಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 2 ವರ್ಷದವರೆಗೆ ದೂರದ ನೆಂಟರ ಜೊತೆ ವಿಡಿಯೋ ಕಾಲ್ ಬಿಟ್ಟರೆ ಏನೂ ಬೇಡ. 5ರವರೆಗೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿದ್ದು. 5ರಿಂದ 10 ವರ್ಷದವರಿಗೆ ಎರಡು ಗಂಟೆಯೊಳಗೆ. ಕಾರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಮೈಸೂರಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ನಾಲ್ಕು ವರ್ಷದ ಮಗುವಿನ ಇಡೀ ದಿನದ ಲೆಕ್ಕ ಮುಗಿದುಹೋಗುತ್ತದೆ.

ಅದೇ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಮಾತು ಹೇಳಿದೆ, ಅದನ್ನು ಯಾರೂ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ತಳ್ಳುಗಾಡಿಯಂಥದ್ದರಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬೇಡಿ ಎಂಬುದು. ನನ್ನ ಪ್ರಕಾರ ಕಾರಿನ ಗಲಾಟೆಗೆ ಬೇರು ಇಲ್ಲೇ ಇದೆ. ಮಗುವಿಗೆ ಬೇಕಾಗಿರುವುದು ಮನರಂಜನೆಯಲ್ಲ, ಕೆಳಗಿಳಿದು ಓಡುವುದು. ಮೈ ಒದ್ದಾಡುತ್ತಿರುವಾಗ ಕಣ್ಣಿಗೆ ಕಾರ್ಟೂನ್ ಕೊಟ್ಟರೆ ಮಗು ಸುಮ್ಮನಾಗುತ್ತದೆ ನಿಜ, ಒದ್ದಾಟ ಹೋಗುವುದಿಲ್ಲ. ಊರು ತಲುಪಿದ ಮೇಲೆ ಸೋದರತ್ತೆಯ ಮನೆಯಲ್ಲಿ ಅದೆಲ್ಲ ಹೊರಗೆ ಬರುತ್ತದೆ.

ಈಚೆಗೆ ಟ್ಯಾಬ್ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೆ ಒಂದು ಕಾರಣ ನಮ್ಮ ಹೊಸ ರಸ್ತೆಯೇ ಎಂದು ನನ್ನ ಅನುಮಾನ. 2023ರ ಮಾರ್ಚ್‌ನಲ್ಲಿ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿ.ಮೀ., ಗಂಟೆಗೆ 100 ಕಿ.ಮೀ. ವೇಗದ ಮಿತಿ. ಬೇಗ ತಲುಪುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲವೂ ಬೈಪಾಸ್ ಆದವು. ಮೊದಲು ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಸಲ ಸಿಗುತ್ತಿದ್ದಳು. "ಆಗ್ಲೇ ದಾಟಿದ್ವಲ್ಲ, ಮತ್ಯಾಕೆ ಬಂತು?" ಎಂದು ಮಗು ಕೇಳುತ್ತಿತ್ತು. ಆ ಊರು ದ್ವೀಪ ಎಂದು ನೀವು ಹೇಳಬೇಕಾಗುತ್ತಿತ್ತು. ಮಂಡ್ಯದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ತೆವಳುತ್ತಿದ್ದೆವು. ಮದ್ದೂರಿನಲ್ಲಿ ವಡೆ, ಶಿಂಷಾ ನದಿ. ಚನ್ನಪಟ್ಟಣದಲ್ಲಿ ರಸ್ತೆ ಬದಿಯಲ್ಲೇ ಬಣ್ಣದ ಬೊಂಬೆಗಳ ಸಾಲು, ಅದರ ಮುಂದೆ ಹಟ. ಬೈದುಕೊಳ್ಳುತ್ತಲೇ ನಾವು ಮಗುವಿಗೆ ಗಂಟೆಗೊಂದು ಬಿಡುವು ಕೊಡುತ್ತಿದ್ದೆವು. ಈಗ ಎರಡೂ ಬದಿ ಬೇಲಿ. ನೋಡಿದ್ದನ್ನೇ ನೋಡಬೇಕು.

ಹಾಗಂತ ಎಕ್ಸ್‌ಪ್ರೆಸ್‌ವೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಮದುವೆಗೆ ತಡವಾಗಿದ್ದರೆ ನಾನೂ ಅದರಲ್ಲೇ ಹೋಗುತ್ತೇನೆ. ಅವಸರವಿಲ್ಲದ ದಿನ ಮಾತ್ರ ಒಂದು ತುಂಡನ್ನಾದರೂ ಹಳೇ ರಸ್ತೆಯಲ್ಲಿ ಹೋಗಿ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸುತ್ತಮುತ್ತ ಆಲೆಮನೆ ಸಿಗುತ್ತದೆ. ಕೇಳಿ ಒಳಗೆ ಹೋಗಿ, ಬಿಸಿ ಬೆಲ್ಲ ತಿನ್ನಿಸಿ, ಕುದಿಯುವ ಕೊಪ್ಪರಿಗೆಯಿಂದ ದೂರ ನಿಲ್ಲಿಸಿ.

ಕಾರಿನೊಳಗೆ ಆಡುವ ಆಟಗಳಲ್ಲಿ ನನಗೆ ಇಷ್ಟವಾಗುವುದು ಕಣ್ಣನ್ನು ಕಿಟಕಿಯ ಆಚೆ ಇಡುವಂಥವು. ವಾಂತಿಗೂ ಅದೇ ಮದ್ದು. ನಂಬರ್ ಪ್ಲೇಟ್ ಆಟ ಓದಲು ಬರುವ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಕೆಎ 09, 55 ಎಂದರೆ ಮೈಸೂರು. 11 ಮಂಡ್ಯ, 54 ನಾಗಮಂಗಲ, 10 ಚಾಮರಾಜನಗರ, 12 ಮಡಿಕೇರಿ, 13 ಹಾಸನ, 45 ಹುಣಸೂರು. ಯಾರಿಗೆ ಮೊದಲು 12 ಕಂಡಿತೋ ಅವರಿಗೆ ಮುಂದಿನ ಹಾಡು ಆರಿಸುವ ಹಕ್ಕು. ಸಣ್ಣವರಿಗೆ ಬಿಳಿ ಕಾರು, ಹಳದಿ ಬೋರ್ಡ್, ಎತ್ತಿನಗಾಡಿ ಸಾಕು. ಹಿಂದೆ ಅಜ್ಜಿ ಕೂತಿದ್ದರೆ ಇನ್ನೇನೂ ಬೇಡ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು ಹೇಳು?" ಎಂದು ಒಂದು ಒಗಟು ಬಿಟ್ಟರೆ ಮಲ್ಲಿಗೆ ಹೂವಿಗೆ ಬರುವಷ್ಟರಲ್ಲಿ ಅರ್ಧ ದಾರಿ ಸವೆದಿರುತ್ತದೆ. ಕಾರಿನ ಸ್ಪೀಕರಿನಲ್ಲಿ ಕಥೆ ಹಾಕಿದರೂ ನನ್ನ ಆಕ್ಷೇಪಣೆಯಿಲ್ಲ. ಕಿವಿಗೆ ಕೆಲಸ, ಕಣ್ಣಿಗೆ ರಜೆ.

ಒಂದಷ್ಟು ಹೊತ್ತು ಬೋರ್ ಆಗಲಿ ಬಿಡಿ. ಹಿಂದೆ ಅಣ್ಣ-ತಂಗಿ "ಇವನು ನನ್ನ ಕಡೆ ಬಂದ" ಎಂದು ಜಗಳವಾಡಲಿ. ಹತ್ತು-ಹನ್ನೆರಡರ ಮಕ್ಕಳು ಮುಖ ನೋಡಿಕೊಂಡು ಹೇಳದ ಶಾಲೆಯ ಕಥೆಗಳನ್ನು ಕಿಟಕಿ ನೋಡುತ್ತಾ ಹೇಳುತ್ತಾರೆ. ಕಿವಿಯಲ್ಲಿ ಹೆಡ್‌ಫೋನ್ ಇದ್ದರೆ ಅದು ಆಗುವುದಿಲ್ಲ.

ಸ್ಕ್ರೀನ್ ಕೊಡಲೇಬೇಕಾದ ಸಂದರ್ಭಗಳೂ ಇವೆ. ತಾಯಿ ಒಬ್ಬಳೇ ಗಾಡಿ ಓಡಿಸುತ್ತಿದ್ದಾಳೆ, ಹಿಂದೆ ಮಗು ಕಿರುಚುತ್ತಿದೆ. ಅವಳ ಗಮನ ರಸ್ತೆಯ ಮೇಲಿರುವುದು ಎಲ್ಲಕ್ಕಿಂತ ಮುಖ್ಯ. ಆಟಿಸಂ ಇರುವ ಕೆಲವು ಮಕ್ಕಳಿಗೆ ಗೊತ್ತಿರುವ ಒಂದೇ ವಿಡಿಯೋ ಎಷ್ಟೋ ಸಮಾಧಾನ ಕೊಡುತ್ತದೆ. ಅವರ ಅಪ್ಪ-ಅಮ್ಮನಿಗೆ ನಾನು ಲೆಕ್ಕ ಹೇಳಲು ಹೋಗುವುದಿಲ್ಲ. ಹುಬ್ಬಳ್ಳಿಯಷ್ಟು ದೂರ ಹೋಗುವಾಗ ನೇರ ರಸ್ತೆಯಲ್ಲಿ ಅರ್ಧ ಗಂಟೆ ಕಾರ್ಟೂನ್ ನೋಡಿದರೆ ಏನೂ ಆಗುವುದಿಲ್ಲ. ಕೆಂಗೇರಿ ದಾಟಿದ ಮೇಲಿನ ಟ್ರಾಫಿಕ್ಕಿನಲ್ಲಿ ದೊಡ್ಡವರಿಗೇ ಅಳು ಬರುತ್ತದೆ, ಮಕ್ಕಳನ್ನು ಏನಂತ ಬೈಯೋದು?

ಆದರೆ ಕೊಡುವ ಹೊತ್ತನ್ನು ನೀವು ಮೊದಲೇ ಗೊತ್ತು ಮಾಡಿ. "ಮಂಡ್ಯ ದಾಟಿದ ಮೇಲೆ ಒಂದು ಕಥೆ, ಆಮೇಲೆ ಆಫ್." ಇಪ್ಪತ್ತು ನಿಮಿಷ ಅತ್ತ ಮೇಲೆ ಸೋತು ಕೊಟ್ಟರೆ, ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಮುಂದಿನ ಸಲ ಅಷ್ಟು ಹೊತ್ತೂ ಅಳುತ್ತದೆ. ಒಂದು ದಿನ ಕೊಟ್ಟು ಇನ್ನೊಂದು ದಿನ ಬೈದರೆ ಹಟ ಇನ್ನೂ ಗಟ್ಟಿ. ಕಾರಿನಲ್ಲಿ ಗೆದ್ದ ಮಗು ಅದೇ ದಾರಿಯನ್ನು ಊಟದ ತಟ್ಟೆಯ ಮುಂದೆಯೂ ಹಿಡಿಯುತ್ತದೆ. ಫೋನ್ ಇಲ್ಲದೆ ತುತ್ತು ಇಳಿಯಲ್ಲ ಎಂದು ಬರುವವರನ್ನು ಕೆದಕಿ ಕೇಳಿದರೆ, ಸುಮಾರು ಸಲ ಶುರುವಾಗಿದ್ದು ಇಂಥದ್ದೇ ಒಂದು ಪ್ರಯಾಣದಲ್ಲಿ.

ಸುರಕ್ಷತೆಯ ಮಾತು ಬಿಡುವಂತಿಲ್ಲ. ಅರ್ಧ ಕೆ.ಜಿ. ಟ್ಯಾಬನ್ನು ಮಗು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಿದ್ದರೆ, 100ರ ವೇಗದಲ್ಲಿ ಬ್ರೇಕ್ ಹಾಕಿದಾಗ ಅದು ಹಾರಿ ಯಾರ ತಲೆಗಾದರೂ ಬಡಿಯುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತು ಆಮೇಲೆ. ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂತ ಕೂಸನ್ನು ಬ್ರೇಕ್ ಹಾಕಿದಾಗ ಯಾವ ಕೈಯೂ ಹಿಡಿದು ನಿಲ್ಲಿಸಲಾರದು. ಟ್ಯಾಬಿಗೆ ಇಟ್ಟ ದುಡ್ಡಿನಲ್ಲಿ ಬೂಸ್ಟರ್ ಸೀಟು ತನ್ನಿ. ಅದರಿಂದ ಇನ್ನೊಂದು ಲಾಭವಿದೆ. ಕೆಳಗೆ ಕೂತ ಮಗುವಿಗೆ ಮುಂದಿನ ಸೀಟಿನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಬೂಸ್ಟರ್ ಮೇಲೆ ಕೂತರೆ ಕಿಟಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ವಾಂತಿಯೂ ಕಡಿಮೆ, ಬೋರೂ ಕಡಿಮೆ.

ಈಗಾಗಲೇ ಹಿಂದೆ ಸ್ಕ್ರೀನ್ ಹಾಕಿಸಿ ಮಗುವಿಗೆ ಅಭ್ಯಾಸವಾಗಿದ್ದರೆ ಊಟಿಗೆ ಹೊರಟ ದಿನವೇ ಕಿತ್ತುಕೊಳ್ಳಬೇಡಿ. ಎಲ್ಲರ ರಜೆಯೂ ಹಾಳಾಗುತ್ತದೆ. ಮೊದಲು ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಹಾಕಬೇಡಿ, ಆಮೇಲೆ ನಂಜನಗೂಡಿಗೆ. ಅರ್ಧ-ಮುಕ್ಕಾಲು ಗಂಟೆಯ ದಾರಿ, ಅಳು ಶುರುವಾದರೂ ತಡೆದುಕೊಳ್ಳಬಹುದು. ಒಂದಷ್ಟು ಸಲ ಹೀಗೆ ಹೋಗಿ ಬಂದ ಮೇಲೆ ಊಟಿ ದಾರಿಯಲ್ಲಿ ಗುಂಡ್ಲುಪೇಟೆಯವರೆಗೆ ಆಫ್ ಇಡಿ. ಘಾಟಿ ಹತ್ತುವಾಗಲಂತೂ ಮಗು ಎಷ್ಟೇ ಕೇಳಿದರೂ ಬೇಡ. ವಾಂತಿ ಇಲ್ಲದ ಮಗುವಿಗೂ ಬೇಡ.