ತಿಲಕವಾಡಿಯ ಡಿಪೋ, ಎಮ್ಮೆಯ ಕೆಚ್ಚಲು

ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಲ್ಲಿ ಅಂತ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಬೆಳಿಗ್ಗೆ ವಾಕಿಂಗ್‌ ಹೋಗುವವರಿಗೆ ಅಲ್ಲಿ ಮರದ ನೆರಳಿದೆ, ಹುಡುಗರಿಗೆ ಆಡಲು ಬಯಲಿದೆ. ಒಂದು ಕಾಲಕ್ಕೆ ಅಲ್ಲಿ ಕರುಗಳನ್ನು ಕಟ್ಟಿ ಸಿಡುಬಿನ ಲಸಿಕೆ ತಯಾರಿಸುತ್ತಿದ್ದರು ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ.

ವ್ಯಾಕ್ಸಿನ್ ಅನ್ನುವ ಮಾತು ಬಂದಿದ್ದೇ ದನದಿಂದ. ಲ್ಯಾಟಿನ್‌ನಲ್ಲಿ ‘ವಾಕ್ಕಾ’ ಅಂದರೆ ಆಕಳು. ಹಾಗೆ ನೋಡಿದರೆ ನಮ್ಮದು ಆಕಳ ಡಿಪೋ! 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಹಿಂಡುವ ಹೆಣ್ಣುಮಗಳೊಬ್ಬಳ ಕೈಮೇಲಿನ ಗುಳ್ಳೆಯ ಕೀವನ್ನು ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಚ್ಚಿದ. ಅವಳಿಗೆ ಆ ಗುಳ್ಳೆ ಅಂಟಿದ್ದು ಆಕಳ ಕೆಚ್ಚಲಿನಿಂದ. ಆಮೇಲೆ ಹುಡುಗನಿಗೆ ಸಿಡುಬಿನ ಕೀವನ್ನೇ ಹಚ್ಚಿದರೂ ಸಿಡುಬು ಏಳಲಿಲ್ಲ. ದನದಿಂದ ದಾಟಿದ ಸಣ್ಣ ರೋಗ ದೊಡ್ಡ ರೋಗಕ್ಕೆ ಮದ್ದಾಯಿತು.

1802ರ ಜೂನ್‌ನಲ್ಲಿ ಈ ಲಸಿಕೆ ಮುಂಬೈಗೆ ಬಂತು. ಆಗ ಫ್ರಿಜ್ ಎಲ್ಲಿತ್ತು? ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತಲೇ ತಂದರು. ಇದರಲ್ಲಿ ಬೇರೆ ರೋಗಗಳೂ ಜೊತೆಗೇ ದಾಟುವ ಭಯವಿತ್ತು. ಹಾಗಾಗಿ ಮುಂದೆ ಕರುಗಳ ಮೈಮೇಲೆ ಬೆಳೆಸುವ ಪದ್ಧತಿ ಬಂತು. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಕೆಲಸಕ್ಕೆ ಈ ಊರು ಆಯ್ಕೆಯಾಯಿತು.

ಕೆಲಸ ನಡೆಯುತ್ತಿದ್ದುದು ಹೀಗೆ. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಚರ್ಮವನ್ನು ಮೇಲಿಂದ ಮೇಲೆ ಗೀರುತ್ತಾರೆ. ಗೀರಿದಲ್ಲಿ ಬೀಜ ಲಸಿಕೆ, ಅಂದರೆ ಮೊದಲೇ ತೆಗೆದಿಟ್ಟ ಲಸಿಕೆ, ಉಜ್ಜುತ್ತಾರೆ. ನಾಲ್ಕೈದು ದಿನಕ್ಕೆ ಸಾಲುಸಾಲಾಗಿ ಗುಳ್ಳೆ ಏಳುತ್ತವೆ. ಅದನ್ನು ಕೆರೆದು ತೆಗೆದು ಗ್ಲಿಸರಿನ್ ಜೊತೆ ಅರೆಯುತ್ತಾರೆ. ನಮ್ಮ ಬಿಸಿಲಿಗೆ ಆ ದ್ರವ ಬೇಗ ಕೆಡುತ್ತಿತ್ತು. ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಲಸಿಕೆ ಬಂದ ಮೇಲೆ ಆ ತೊಂದರೆ ತಪ್ಪಿತು. ಸಿಡುಬು ನಿರ್ಮೂಲನೆಯ ವರ್ಷಗಳಲ್ಲಿ ದೇಶದ ನಾಲ್ಕು ಕಡೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು: ಬೆಳಗಾವಿ, ಮದ್ರಾಸಿನ ಗಿಂಡಿ, ಹೈದರಾಬಾದ್, ನೈನಿತಾಲ್ ಹತ್ತಿರದ ಪಟ್ವಾಡಾಂಗರ್.

ನಮ್ಮ ಕಡೆ ಹಿರಿಯರು ಸಿಡುಬನ್ನು ಬೇನೆ ಅಂತ ಕರೆಯುತ್ತಿರಲಿಲ್ಲ. ‘ದೇವಿ ಬಂದಾಳ’ ಅನ್ನುತ್ತಿದ್ದರು, ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದರು. ಅಜ್ಜ ಅಜ್ಜಿಯರ ತೋಳಲ್ಲಿ ಇವತ್ತಿಗೂ ನಾಣ್ಯದಗಲದ ಕಲೆ ಕಾಣುತ್ತದೆ ಅಲ್ವಾ? ಅದು ಆ ಲಸಿಕೆಯ ಗುರುತು. 1975ರ ಮೇ ನಂತರ ಭಾರತದಲ್ಲಿ ಸಿಡುಬಿನ ಪ್ರಕರಣ ಸಿಕ್ಕಿಲ್ಲ. 1980ರಲ್ಲಿ ಜಗತ್ತೇ ಮುಕ್ತ ಅಂತ ಘೋಷಣೆಯಾಯಿತು. ಇದು ಸಾಧ್ಯವಾಗಿದ್ದಕ್ಕೆ ಒಂದು ಕಾರಣ, ಸಿಡುಬಿಗೆ ಮನುಷ್ಯನನ್ನು ಬಿಟ್ಟರೆ ಅಡಗಲು ಬೇರೆ ಪ್ರಾಣಿ ಇರಲಿಲ್ಲ.

ಆದರೆ ಲಸಿಕೆಯ ವೈರಸ್ಸಿಗೆ ದನದ ಮೈ ಹೊಸದೇನಲ್ಲ. ಹೊಸದಾಗಿ ಲಸಿಕೆ ಹಾಕಿಸಿಕೊಂಡವರು ತೋಳು ಕೆರೆದುಕೊಂಡು ಅದೇ ಕೈಯಿಂದ ಹಾಲು ಹಿಂಡಿದರೆ ಕೆಚ್ಚಲಿಗೂ ಗುಳ್ಳೆ. 1934ರಲ್ಲಿ ಲಾಹೋರಿನಲ್ಲಿ ಎಮ್ಮೆ ಸಿಡುಬು ದಾಖಲಾಯಿತು. ನೋಡಿದರೆ ಅದರ ವೈರಸ್ ಲಸಿಕೆಯ ವೈರಸ್ಸಿನ ಹತ್ತಿರದ ಬಂಧು. ಲಸಿಕೆಯೇ ಎಮ್ಮೆಗಳಿಗೆ ದಾಟಿ ಅಲ್ಲೇ ನೆಲೆಸಿರಬಹುದು ಅನ್ನುವ ಅನುಮಾನ ವಿಜ್ಞಾನಿಗಳಲ್ಲಿ ಬಲವಾಗಿದೆ. ತಿಲಕವಾಡಿಯಿಂದಲೇ ತಪ್ಪಿಸಿಕೊಂಡು ಹೋಯಿತು ಅಂತ ನಾನು ಹೇಳುತ್ತಿಲ್ಲ, ಮತ್ತೆ ಡಿಪೋದವರ ಮೇಲೆ ಸಿಟ್ಟಾಗಬೇಡಿ.

1985-87ರಲ್ಲಿ ಮಹಾರಾಷ್ಟ್ರದಲ್ಲಿ ಎಮ್ಮೆ ಸಿಡುಬು ಜೋರಾಗಿ ಕಂಡಿತು. 2009ರಲ್ಲಿ ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳಲ್ಲಿ ಎಮ್ಮೆಗಳ ಜೊತೆ ಜನರಿಗೂ ಬಂತು. ಸೊಲ್ಲಾಪುರ ವಿಜಯಪುರಕ್ಕೆ ಹೊಂದಿಕೊಂಡಿದೆ, ಕೊಲ್ಹಾಪುರ ಬೆಳಗಾವಿಗೆ. ಉದ್ದ ಕೊಂಬಿನ ಪಂಢರಪುರಿ ಎಮ್ಮೆಗಳನ್ನು ಗಡಿಯ ಎರಡೂ ಕಡೆ ಕಟ್ಟುತ್ತಾರೆ. ಗಡಿ ತಂಟೆ ನಮ್ಮದು, ಎಮ್ಮೆಗಳದ್ದಲ್ಲ.

ಇದು ಸಾಮಾನ್ಯವಾಗಿ ಸಾಯಿಸುವ ರೋಗವಲ್ಲ. ಕೆಚ್ಚಲಿನ ಮೇಲೆ ಗುಳ್ಳೆ ಎದ್ದು ಹುಣ್ಣಾಗುತ್ತವೆ. ಎಮ್ಮೆ ಕೈ ಮುಟ್ಟಿಸಿಕೊಳ್ಳದೆ ಒದೆಯುತ್ತದೆ, ಹಾಲು ಕಡಿಮೆಯಾಗುತ್ತದೆ. ಕೆಚ್ಚಲು ಬಾವು ಬಂದರೆ ನಷ್ಟ ಇನ್ನೂ ಜಾಸ್ತಿ. ಹಿಂಡುವವರ ಬೆರಳು, ಅಂಗೈಗೆ ಗುಳ್ಳೆ ಬರುತ್ತದೆ, ಜೊತೆಗೆ ಜ್ವರ, ಕಂಕುಳಲ್ಲಿ ಗಡ್ಡೆ. ಬರೀ ಬೊಕ್ಕೆ ಅಂತ ಅರಿಶಿಣ ಹಚ್ಚಿ ಸುಮ್ನೆ ಬಿಡುವವರೂ ಉಂಟು. ಡಾಕ್ಟರಿಗೆ ‘ಮನೇಲಿ ಎಮ್ಮೆಗೂ ಹಿಂಗಾ ಆಗೇತ್ರಿ’ ಅಂತ ಒಂದು ಮಾತು ಹೇಳಿದರೆ ಅರ್ಧ ಕೆಲಸ ಆದಂತೆ. ಹುಣ್ಣಾದ ಎಮ್ಮೆಯನ್ನು ಕೊನೆಗೆ ಹಿಂಡಬೇಕು, ಕೈಯಲ್ಲಿ ಗಾಯವಿದ್ದವರು ಹಿಂಡಬಾರದು, ಹಿಂಡಿದ ಮೇಲೆ ಸಾಬೂನು ಹಚ್ಚಿ ತೊಳೆಯಬೇಕು.

ಅಜ್ಜನ ತೋಳಿನ ಕಲೆಗೆ ಕಾರಣವಾದ ಲಸಿಕೆ ಈ ಎಮ್ಮೆ ಸಿಡುಬನ್ನೂ ಒಂದಷ್ಟು ತಡೆಯುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಕೂತು ಹಾಲು ಹಿಂಡುವ ಮೊಮ್ಮಗನ ತೋಳಲ್ಲಿ ಆ ಕಲೆ ಇಲ್ಲ.