ಮಗುವಿನ ಎತ್ತರದಲ್ಲಿ ಕಾಣುವ ಬಡತನ

ಅಂಗನವಾಡಿಯಲ್ಲಿ ಮಕ್ಕಳ ಎತ್ತರ ಅಳೆಯುವ ದಿನ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ‘ವಯಸ್ಸಿಗೆ ತಕ್ಕ ಎತ್ತರ ಇಲ್ಲಮ್ಮ’ ಅಂತ ಟೀಚರ್ ಹೇಳಿದರೆ, ಜೊತೆಗೆ ಬಂದ ಅಜ್ಜಿ ತಕ್ಷಣ ಅನ್ನುತ್ತಾರೆ: ‘ಅವರಪ್ಪನೂ ಕುಳ್ಳ, ನಮ್ಮ ಮನೇಲಿ ಎಲ್ಲರೂ ಹೀಗೇ. ಮುಂದೆ ಬೆಳೀತಾನೆ ಬಿಡಿ.’ ಮಗು ಅಲ್ಲೇ ಓಡಾಡಿಕೊಂಡಿರುತ್ತದೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಅಜ್ಜಿಯ ಮಾತು ಪೂರ್ತಿ ಸುಳ್ಳೇನಲ್ಲ. ಎತ್ತರ ಅನ್ನುವುದು ಅಪ್ಪ ಅಮ್ಮನಿಂದಲೂ ಬರುತ್ತದೆ. ಆದರೆ ಐದು ವರ್ಷದೊಳಗಿನ ಮಕ್ಕಳ ಗುಂಪುಗಳನ್ನು ಹೋಲಿಸಿ ನೋಡಿದಾಗ ಬೇರೆಯದೇ ಚಿತ್ರ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತು ಭಾರತದಿಂದ ದಕ್ಷಿಣ ದೆಹಲಿ. ಆರಿಸಿಕೊಂಡದ್ದು ಊಟಕ್ಕೆ, ಆರೈಕೆಗೆ ಕೊರತೆ ಇಲ್ಲದ ಮನೆಗಳನ್ನು. ತಾಯಂದಿರು ಎದೆಹಾಲು ಕೊಡುತ್ತಿದ್ದರು, ಬೀಡಿ ಸಿಗರೇಟು ಸೇದುತ್ತಿರಲಿಲ್ಲ. ಫಲಿತಾಂಶ ಏನು ಗೊತ್ತಾ? ಆರೂ ಕಡೆ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಬೆಳೆದರು. ದೆಹಲಿಯ ಕೂಸು ನಾರ್ವೆಯ ಕೂಸಿಗಿಂತ ಹಿಂದೆ ಬೀಳಲಿಲ್ಲ.

ಇವತ್ತು ಅಂಗನವಾಡಿಯಲ್ಲಿ ಬಳಸುವ ಅಳತೆ ಅಲ್ಲಿಂದಲೇ ಬಂದದ್ದು. ಎರಡು ವರ್ಷದ ಹೆಣ್ಣುಮಗು ಸಾಮಾನ್ಯವಾಗಿ ಸುಮಾರು 86 ಸೆಂಟಿಮೀಟರ್ ಇರುತ್ತದೆ. 80ಕ್ಕೂ ಕೆಳಗಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಅನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ಹೀಗಿದ್ದಾರೆ. ಇಡೀ ದೇಶದ ಲೆಕ್ಕವೂ ಅಷ್ಟೇ. ದೇಶದ ಅತಿ ಬಡ ಮನೆಗಳಲ್ಲಿ ಇದು ನೂರಕ್ಕೆ 46, ಅತಿ ಅನುಕೂಲಸ್ಥರ ಮನೆಗಳಲ್ಲಿ 23. ಬಡತನ ಈ ಕಷ್ಟವನ್ನು ಎರಡು ಪಟ್ಟು ಮಾಡುತ್ತದೆ. ದುಡ್ಡಿದ್ದ ಮನೆಯಲ್ಲೂ ಅದು ಪೂರ್ತಿ ಹೋಗಿಲ್ಲ ಅನ್ನುವುದನ್ನೂ ಗಮನಿಸಬೇಕು.

ಎರಡು ಇಂಚು ಕಮ್ಮಿ ಇದ್ದರೆ ಏನಾಯಿತು ಅಂತ ಕೇಳಬಹುದು. ಎತ್ತರವೇ ಇಲ್ಲಿ ಮುಖ್ಯವಲ್ಲ. ಹೊಟ್ಟೆಗೆ ಸಾಲದೆ ಹೋದಾಗ ಕೂಸಿನ ಮೈ ಮೂಳೆಯ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ. ಹೊರಗೆ ನಮಗೆ ಅಳೆಯಲು ಸಿಗುವುದು ಅದು. ಒಳಗೆ ಮಿದುಳು, ಹೃದಯ, ಕರುಳು ಎಲ್ಲವೂ ಅದೇ ಕೊರತೆಯಲ್ಲಿ ದಿನ ದೂಡುತ್ತಿರುತ್ತವೆ.

ಇದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನಮ್ಮ ಮೈಸೂರಿನಲ್ಲೇ ಸಾಕ್ಷಿ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಅದೇ ಸುತ್ತಮುತ್ತ ಇದ್ದ 517 ಜನರನ್ನು ಹುಡುಕಿದರು. ಅವರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ಇದ್ದವರ ಪೈಕಿ ನೂರಕ್ಕೆ 11 ಜನಕ್ಕೆ ಹೃದಯ ರೋಗ. ಮೂರು ಕಿಲೋ ದಾಟಿದ್ದವರಲ್ಲಿ ನೂರಕ್ಕೆ 3. ತಾಯಿಯೂ ಸಣಕಲಾಗಿದ್ದ ಮನೆಗಳಲ್ಲಿ ರೋಗ ಇನ್ನೂ ಜಾಸ್ತಿ ಇತ್ತು. ಈ ಭಾಗ ಓದಿದಾಗೆಲ್ಲ ನನಗೆ ಆ ತಾಯಂದಿರ ನೆನಪಾಗುತ್ತದೆ. 1940ರಲ್ಲಿ ಒಬ್ಬ ಬಸುರಿಯ ತಟ್ಟೆಯಲ್ಲಿ ಏನು ಕಮ್ಮಿಯಾಗಿತ್ತೋ, ಅದು 1990ರಲ್ಲಿ ಅವಳ ಮಗನ ಎದೆಯಲ್ಲಿ ನೋವಾಗಿ ಬಂತು.

ಆ ತಟ್ಟೆ ಈಗಲೂ ಪೂರ್ತಿ ತುಂಬಿಲ್ಲ. ಎಷ್ಟೋ ಮನೆಗಳಲ್ಲಿ ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ. ಅಷ್ಟು ಹೊತ್ತಿಗೆ ಮುದ್ದೆ ಉಳಿದಿರುತ್ತದೆ, ಸಾರಿನಲ್ಲಿ ಕಾಳು ಉಳಿದಿರುವುದಿಲ್ಲ. ಬಸುರಿ ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅನ್ನುವ ಭಯ ಬೇರೆ. ರೇಷನ್ ಮನೆಗೆ ಕೊಟ್ಟರೆ ಅದು ಎಲ್ಲರ ಪಾಲಾಗುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರನ್ನು ಅಂಗನವಾಡಿಗೇ ಕರೆದು ಬಿಸಿಯೂಟ ಬಡಿಸಲು ಹೊರಟದ್ದು ಇದಕ್ಕೇ. ಯೋಚನೆ ಒಳ್ಳೆಯದು. ಆದರೆ ಮಲೆನಾಡಿನಲ್ಲಿ ಮನೆಗಳು ದೂರ ದೂರ. ತುಂಬಿದ ಬಸುರಿ, ಮಳೆಯಲ್ಲಿ, ಒಂದೂಟಕ್ಕೆ ಗುಡ್ಡ ಹತ್ತಿ ಇಳಿಯುವುದು ಆಗುವ ಮಾತಲ್ಲ ಅಲ್ವಾ?

ಹುಟ್ಟಿದ ಮೇಲೆ ಆರು ತಿಂಗಳವರೆಗೆ ಎದೆಹಾಲು ಕಾಪಾಡುತ್ತದೆ. ನಿಜವಾದ ಅಪಾಯ ಶುರುವಾಗುವುದು ಆಮೇಲೆ, ಗಂಜಿ ಕುಡಿಸುವ ಕಾಲದಲ್ಲಿ. ಕೂಸಿನ ಹೊಟ್ಟೆಗೆ ಹಿಡಿಸುವುದು ಒಂದು ಲೋಟದಷ್ಟು ಮಾತ್ರ. ರಾಗಿ ಹಿಟ್ಟು ಬೇಯಿಸಿದರೆ ಬೇಗ ಗಟ್ಟಿಯಾಗುತ್ತದೆ. ಕೂಸು ನುಂಗಲಿ ಅಂತ ತಾಯಿ ನೀರು ಬೆರೆಸುತ್ತಾಳೆ. ಆಗ ಆ ಲೋಟದಲ್ಲಿ ರಾಗಿಗಿಂತ ನೀರೇ ಜಾಸ್ತಿ. ನಮ್ಮ ಹಳೆಯ ಹೆಂಗಸರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಿದ್ದರು. ಅದರ ಹಿಂದೆ ಗಟ್ಟಿ ವಿಜ್ಞಾನ ಇದೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದ ಜಾಸ್ತಿ ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಅದೇ ಲೋಟ, ಅದೇ ಹೊಟ್ಟೆ, ಆದರೆ ಒಳಗೆ ಹೋಗುವ ಆಹಾರ ಹೆಚ್ಚು. ರಾಗಿಯಲ್ಲಿರುವ ಕಬ್ಬಿಣ ಮೈಗೆ ಸೇರದಂತೆ ತಡೆಯುವ ಫೈಟೇಟ್ ಅನ್ನುವ ಅಂಶವೂ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಆದರೆ ಬೆಳಗಾಗುವ ಮುಂಚೆ ಕೂಲಿಗೆ ಹೊರಡುವ ತಾಯಿಗೆ ಮೊಳಕೆ ಕಟ್ಟಿ, ಒಣಗಿಸಿ, ಬೀಸುವ ಪುರಸೊತ್ತು ಎಲ್ಲಿಂದ ಬರಬೇಕು? ಕೂಸಿನ ಕೈಗೆ ಐದು ರೂಪಾಯಿಯ ಬಿಸ್ಕತ್ ಪ್ಯಾಕೆಟ್ ಬರುವುದು ಹಾಗೆ. ಆ ತಾಯಿಯನ್ನು ಬೈಯುವುದು ಅನ್ಯಾಯ.

ಕಬ್ಬಿಣದ ಮಾತು ಬಂತು. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುಟ್ಟ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ರಕ್ತಕ್ಕೆ ಬೇಕಾಗುವ ಕಬ್ಬಿಣ ಮಿದುಳಿಗೂ ಬೇಕು. ನರತಂತುಗಳ ಮೇಲೆ ಕಟ್ಟುವ ಕೊಬ್ಬಿನ ಹೊದಿಕೆಗೆ ಅದು ಬೇಕು. ಆ ಹೊದಿಕೆ ಸರಿಯಾಗಿ ಕಟ್ಟದಿದ್ದರೆ ಸುದ್ದಿ ಮಿದುಳಿನೊಳಗೆ ನಿಧಾನವಾಗಿ ಓಡುತ್ತದೆ.

ತಿಂದದ್ದೂ ಪೂರ್ತಿ ದಕ್ಕುವುದಿಲ್ಲ. ಕೊಳಕು ನೀರು, ಅಂಗಳದ ಸಗಣಿ, ನೊಣ ಇರುವಲ್ಲಿ ತೆವಳುವ ಕೂಸಿನ ಬಾಯಿಗೆ ರೋಗಾಣು ಹೋಗುತ್ತಲೇ ಇರುತ್ತವೆ. ಭೇದಿ ಆಗದಿದ್ದರೂ ಕರುಳಿನ ಒಳಗೋಡೆಯ ಸಣ್ಣ ಎಳೆಗಳು ಸವೆದು ಆಹಾರ ಹೀರುವ ಶಕ್ತಿ ಕುಗ್ಗುತ್ತದೆ. ಹಾಗಾದರೆ ಶೌಚಾಲಯ ಕಟ್ಟಿದರೆ ಮಕ್ಕಳು ಬೆಳೆಯುತ್ತಾರೆಯೇ? ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. 2018ರ ಹೊತ್ತಿಗೆ ಉತ್ತರ ಬಂತು: ಸಾದಾ ಶೌಚಾಲಯ, ಕೈ ತೊಳೆಯುವ ಅಭ್ಯಾಸ ಇವೆರಡರಿಂದ ಎತ್ತರ ಹೆಚ್ಚಲಿಲ್ಲ. ಪೌಷ್ಟಿಕ ಆಹಾರ ಕೊಟ್ಟವರಲ್ಲಿ ಸ್ವಲ್ಪ ಹೆಚ್ಚಿತು. ಅಷ್ಟು ಕೊಳಕಿನ ನಡುವೆ ಅರ್ಧ ಸ್ವಚ್ಛತೆ ಸಾಲದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಯಾವ ವಯಸ್ಸಿನಲ್ಲಿ ಕೊಡುತ್ತೇವೆ ಅನ್ನುವುದೂ ದೊಡ್ಡ ವಿಷಯ. ಗ್ವಾಟೆಮಾಲದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗೆ ಪ್ರೋಟೀನ್ ಇರುವ ಗಂಜಿ, ಇನ್ನೆರಡಕ್ಕೆ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಎರಡು ವರ್ಷದೊಳಗೆ ಗಂಜಿ ಕುಡಿದ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ 46 ಶೇಕಡಾ ಜಾಸ್ತಿ ಸಂಪಾದಿಸಿದರು. ಮೂರು ವರ್ಷ ದಾಟಿದ ಮೇಲೆ ಅದೇ ಗಂಜಿ ಕುಡಿದವರಿಗೆ ಆ ಲಾಭ ಸಿಗಲಿಲ್ಲ.

ನನಗೆ ತುಂಬಾ ಭರವಸೆ ಕೊಟ್ಟದ್ದು ಜಮೈಕಾದ ಕಥೆ. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅನ್ನುವ ವೈದ್ಯೆ ಮತ್ತು ಅವರ ತಂಡ, ಬೆಳವಣಿಗೆ ಕುಂಠಿತವಾಗಿದ್ದ 129 ಕೂಸುಗಳನ್ನು ಆರಿಸಿಕೊಂಡರು. ಕೆಲವರಿಗೆ ಹಾಲಿನ ಪುಡಿಯ ಆಹಾರ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗುತ್ತಿದ್ದಳು. ಒಂದು ಗಂಟೆ ಕೂತು, ಕೂಸಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಿಸಬೇಕು ಅಂತ ತಾಯಿಗೆ ತೋರಿಸುತ್ತಿದ್ದಳು. ಆಟಿಕೆ ಖಾಲಿ ಡಬ್ಬಿ, ಬಾಟಲಿಗಳಂಥ ಮನೆಯ ಸಾಮಾನಿನಿಂದ ಮಾಡಿದ್ದು. ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಆ ಮಕ್ಕಳಿಗೆ 22 ವರ್ಷವಾದಾಗ ನೋಡಿದರೆ, ಆಟ ಮಾತು ಸಿಕ್ಕವರು ಸಿಗದವರಿಗಿಂತ 25 ಶೇಕಡಾ ಜಾಸ್ತಿ ಸಂಪಾದಿಸುತ್ತಿದ್ದರು. ಬರೀ ಆಹಾರ ಸಿಕ್ಕವರಲ್ಲಿ ಲಾಭ ಅಷ್ಟು ಕಾಲ ಉಳಿದಿರಲಿಲ್ಲ.

ಆಹಾರ ಬೇಡ ಅಂತ ಇದರ ಅರ್ಥವಲ್ಲ. ಕೂಸಿನ ಮಿದುಳು ಬೆಳೆಯಲು ಯಾರೋ ಅದರ ಮುಖ ನೋಡಿ ಮಾತಾಡಬೇಕು, ಅದು ‘ಅಬ್ಬಾ’ ಅಂದರೆ ಇವರೂ ‘ಅಬ್ಬಾ’ ಅನ್ನಬೇಕು. ಬಡತನ ಮೊದಲು ಕಿತ್ತುಕೊಳ್ಳುವುದು ಆ ಹೊತ್ತನ್ನೇ. ದಿನವಿಡೀ ಕಳೆ ಕಿತ್ತು, ನೀರು ಹೊತ್ತು ಬಂದ ತಾಯಿಗೆ ಮಾತಾಡಿಸುವ ಆಸೆ ಇದ್ದರೂ ಕಣ್ಣು ತೂಗುತ್ತದೆ.

1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾದ ಅಂಗನವಾಡಿ ಈಗ ರಾಜ್ಯದ ಹಳ್ಳಿ ಹಳ್ಳಿಯಲ್ಲಿದೆ. ಆದರೆ ಕೂತು ಕಲಿಯಲು, ಉಣ್ಣಲು ಅಲ್ಲಿಗೆ ಬರುವುದು ಮೂರು ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೊಟ್ಟಣ ಮನೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ವಯಸ್ಸಿನ ಕೂಸು ಗದ್ದೆಯ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲೋ, ಏಳು ವರ್ಷದ ಅಕ್ಕನ ಸೊಂಟದ ಮೇಲೋ ಇರುತ್ತದೆ. 2023ರಲ್ಲಿ ರಾಜ್ಯ ಸರ್ಕಾರ ‘ಕೂಸಿನ ಮನೆ’ ಘೋಷಿಸಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ಹಗಲು ನೋಡಿಕೊಳ್ಳಲು 4000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ. ನಿಮ್ಮ ಪಂಚಾಯಿತಿಯಲ್ಲಿ ಅದು ಇದ್ದರೆ ಒಂದು ದಿನ ಮಧ್ಯಾಹ್ನ ಹೋಗಿ ನೋಡಿ. ಬಾಗಿಲು ತೆರೆದಿದೆಯಾ, ಲೋಟದಲ್ಲಿ ಗಂಜಿ ಎಷ್ಟು ಗಟ್ಟಿ ಇದೆ, ಕೂಸುಗಳ ಜೊತೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ.